ಅಕ್ಷರಕ್ಕೆ ಹನ್ನೆರಡು ರೂಪಾಯಿ

ಹೆಬ್ಬೈಲು ಗ್ರಾಮ ಪಂಚಾಯ್ತಿ ಕಚೇರಿಯಲ್ಲಿ
ಗಾಂಧಿ ಫೋಟೋದ ಎಡಕ್ಕೆ, ನೀರಿನ ಫಿಲ್ಟರಿನ ಮೇಲೆ
ಒಂದು ಹಸಿರು ಹಲಗೆ. ಬರೆದವನು ನಾನು.
ಕ್ರಮ ಸಂಖ್ಯೆ, ಅಧ್ಯಕ್ಷರ ಹೆಸರು, ಇಂದ, ವರೆಗೆ.
ಸೊರಬಕ್ಕೆ ಫ್ಲೆಕ್ಸ್ ಬಂದು ನನ್ನ ಕುಂಚ ಒಣಗಿತು,
ಆದರೆ ಅವಧಿಗೊಮ್ಮೆ ಒಂದೇ ಒಂದು ಸಾಲಿಗಾಗಿ
ಫ್ಲೆಕ್ಸಿನವನು ಅಷ್ಟು ದೂರ ಬರುವುದಿಲ್ಲ.

ಗಂಡಸರ ಹೆಸರು ಸಲೀಸು.
ಇನಿಷಿಯಲ್ಲು, ಹೆಸರು, ಮುಗೀತು.
ಯಾರ ಮಗ ಅಂತ ಹಲಗೆ ಕೇಳುವುದಿಲ್ಲ.
ಮೊದಲ ಸಲ ಮಹಿಳೆಗೆ ಮೀಸಲು ಬಂದಾಗ
ಕಾರ್ಯದರ್ಶಿ ಕೊಟ್ಟ ಚೀಟಿಯೇ ಉದ್ದ:
ಶ್ರೀಮತಿ ಸರ್ವಮಂಗಳ ಕೋಂ ಪರಮೇಶಗೌಡ.
ಸಾಲು ಹಿಡಿಸಲಿಲ್ಲ, ಅಕ್ಷರ ಸಣ್ಣ ಮಾಡಿದೆ.
ಯಾವುದನ್ನು ಸಣ್ಣ ಮಾಡಿದೆ ಅಂತ ಈಗ ನೋಡಿದರೆ
ಗೌಡರದ್ದು ದಪ್ಪಗೇ ಇದೆ.

ಆಮೇಲೆ ಲಲಿತವ್ವ ಕೋಂ. ಆಮೇಲೆ ನಾಗವೇಣಿ ಕೋಂ.
"ಅಧ್ಯಕ್ಷರು ಬಂದ್ರು" ಅಂದರೆ
ಹೊರಗೆ ಯಾರದೋ ಬುಲೆಟ್ ನಿಂತಿತು ಅಂತ ಅರ್ಥ.
ಸರ್ವಮಂಗಳಮ್ಮನ ದನಿ ನಾನು ಕೇಳಿದ್ದು ಒಮ್ಮೆ.
ಸಹಿಗೆಂದು ಕಡತ ಅವರ ಮನೆಗೆ ಹೋಗಿತ್ತು,
ಬಾಕಿ ಕೇಳಲು ನಾನೂ ಹಿಂದೆಯೇ ಹೋಗಿದ್ದೆ.
"ಚಾಕ್ಕೆ ಸಕ್ಕರೆ ಎಷ್ಟು?" ಅಂದರು, ಒಳಗಿನಿಂದ.
ಒಳ್ಳೆ ದನಿ. ಸಭೆಯ ಕೊನೇ ಬೆಂಚಿಗೂ ಮುಟ್ಟುವಂಥದ್ದು.

ಗುತ್ಯಮ್ಮ ತಾನೇ ಬಂದು ಹಲಗೆಯಡಿ ನಿಂತಳು.
ಒಂಬತ್ತು ವರ್ಷ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದ ಕೈ.
"ಅಕ್ಷರಕ್ಕೆ ಎಷ್ಟು, ದಸ್ತಗೀರಣ್ಣ?"
ಹನ್ನೆರಡು.
"ಒತ್ತಿಗೂ?"
ಒತ್ತು ಪುಕ್ಕಟೆ.
"ಹಂಗಾರೆ ನಂದು ಅಗ್ಗ. ಮೂರಕ್ಷರ, ಎರಡು ಒತ್ತು.
ಈ ಕೋಂ ಬಸವಣ್ಯಪ್ಪ ಯಾಕೆ?
ಎಪ್ಪತ್ತೆರಡು ರೂಪಾಯಿ, ಊರಿನ ದುಡ್ಡು."
ರೂಢಿ ಕಣಮ್ಮ, ಅಂದರು ಕಾರ್ಯದರ್ಶಿ.
"ರೂಢಿಗೆ ರಸೀದಿ ಕೊಡ್ತಾರಾ?"

ಬಸವಣ್ಯಪ್ಪ ಬಾಗಿಲಲ್ಲೇ ಇದ್ದ.
ತನ್ನ ಹೆಸರಿನ ಬೆಲೆ ಕೇಳಿ ಪೆಚ್ಚಾಗಿ ನಕ್ಕ.
ಮನೆಯಲ್ಲಿ ಮೂರು ದಿನ ಮಾತಿರಲಿಲ್ಲವಂತೆ,
ಅದು ಕೇಳಿದ್ದು, ನೋಡಿದ್ದಲ್ಲ.
ನೋಡಿದ್ದು ಇಷ್ಟು: ಆ ವಾರ
ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಬಂತು,
ಒಳಗಿನಿಂದ ಹಾಕಿಕೊಳ್ಳುವಂಥದ್ದು.
ಬಿಲ್ಲು ಅರವತ್ತೈದು. ಉಳಿದ ಏಳಕ್ಕೆ ಮೊಳೆ.

ಭಾರಿ ಏನೋ ಮಾಡಿದಳು ಅನ್ನಲಾರೆ.
ಕೆಳಕೇರಿ ರಸ್ತೆ ಅರ್ಧಕ್ಕೇ ನಿಂತಿತು,
ಬೀದಿದೀಪದ ಟೆಂಡರಿನಲ್ಲಿ ಅವಳೂ ಮೋಸಹೋದಳು.
ಆದರೆ ನಡಾವಳಿ ಪುಸ್ತಕ ಪೂರ್ತಿ ಓದಿಸದೆ
ಸಹಿ ಹಾಕಲಿಲ್ಲ ಒಂದು ದಿನವೂ.
ಸದಸ್ಯರ ಅನ್ನ ಆರುತ್ತಿತ್ತು.

ಅವಧಿ ಮುಗಿಯಿತು, ಮೀಸಲು ಪಟ್ಟಿ ತಿರುಗಿತು.
ಅವಳ ಕ್ಷೇತ್ರದ ಎದುರು: ಸಾಮಾನ್ಯ.
"ಸಾಮಾನ್ಯ ಅಂದ್ರೆ ಗಂಡಸ್ರು, ಈ ಸಲ ನಮ್ಮ ಪಾಳಿ"
ಅಂತ ಕ್ಷೌರದಂಗಡಿಯಲ್ಲಿ ತೀರ್ಮಾನವಾಯಿತು.
ಅಷ್ಟರಲ್ಲಿ ಗುತ್ಯಮ್ಮ ಫಾರಂ ತುಂಬಿದ್ದಳು.
"ನಾನೇನು ರಾಣಿಯಾ? ನಾನೂ ಸಾಮಾನ್ಯಳೇ."
ಇವಳು ಸಾಮಾನ್ಯಳಲ್ಲ, ಅಂದಿತು ಊರು.
ಹೊಗಳಿಕೆಯೋ ಬೈಗುಳವೋ
ಎಣಿಕೆಯ ದಿನದವರೆಗೆ ಗೊತ್ತಾಗಲಿಲ್ಲ.

ಒಂಬತ್ತು ವೋಟು. ಕಡಿಮೆ.

ಗೆದ್ದ ಹಾಲೇಶಪ್ಪನೇ ಈಗ ಅಧ್ಯಕ್ಷ.
ಅಕ್ಷರಕ್ಕೆ ಈಗ ಹದಿನೈದು, ಚೌಕಾಸಿ ಮಾಡಲಿಲ್ಲ.
ಸ್ಟೂಲ್ ಮೇಲೆ ನಿಂತರೆ ಕಣ್ಣಿಗೆ ನೇರ ಅವಳ ಸಾಲು:
ಮೂರಕ್ಷರ, ಪಕ್ಕದಲ್ಲಿ ಅಷ್ಟೂ ಖಾಲಿ ಹಸಿರು.
ನೋಡಲು ಸಲೀಸು. ಗಂಡಸರ ಸಾಲಿನ ಹಾಗೇ.

ಕೆಳಗಿನಿಂದ ಯಾರೋ ಕೆಮ್ಮಿದರು.
ಖಾತೆ ನಕಲಿಗೆ ಬಂದ ಸರ್ವಮಂಗಳಮ್ಮ, ತಲೆ ಪೂರ್ತಿ ನೆರೆತಿದೆ.
ಹೊರಗೆ ಜೀಪಿನಲ್ಲಿ ಗೌಡರು ಹಾರ್ನ್ ಒತ್ತುತ್ತಿದ್ದರು.
"ಬರೆಯೋದಕ್ಕೆ ಹದಿನೈದು ಅಂದ್ರಲ್ಲ," ಅಂದರು, ಅದೇ ದನಿ,
"ಅಳಿಸೋದಕ್ಕೆ ಎಷ್ಟು?"

ಅಳಿಸುವುದಕ್ಕೆ ನಾನು ದರ ಇಟ್ಟೇ ಇರಲಿಲ್ಲ.
ಹಸಿರು ಡಬ್ಬಿಯ ಮುಚ್ಚಳ ಮೀಟುತ್ತ ಎಣಿಸಿದೆ:
ಕೋಂ ಸೇರಿ ಏಳಕ್ಷರ.